ಗ್ರಾನೈಟ್ ಟ್ರಕ್ಕಿನಲ್ಲಿ ಬಂದ ಪೆಟ್ಟಿಗೆಗಳು

ಈ ಏಪ್ರಿಲ್‌ನಲ್ಲಿ ಡ್ಯಾಲಸ್ಸಿನ ಪಕ್ಕದ ಫ್ಲವರ್ ಮೌಂಡಿನಲ್ಲಿ ಆಲಿಕಲ್ಲು ಮಳೆ ಹೊಡೆದು ನಮ್ಮ ಗರಾಜಿನೊಳಗೆ ನೀರು ನುಗ್ಗಿತು. ಮರುದಿನ ಬಿಸಿಲೇರಿದ ಮೇಲೆ ಬಾಗಿಲೆತ್ತಿದೆ. ನೆಲಕ್ಕೆ ಅಂಟಿಕೊಂಡಿದ್ದ ರಟ್ಟಿನ ಪೆಟ್ಟಿಗೆಗಳಿಂದ ಹುಳಿ ಬೆರೆತ, ಉಗುರುಬೆಚ್ಚಗಿನ ವಾಸನೆಯೊಂದು ಮುಖಕ್ಕೆ ಬಡಿಯಿತು. ಪೊರಕೆ ಹಿಡಿದವಳು ಹಾಗೇ ನಿಂತುಬಿಟ್ಟೆ. ನೆನೆದ ರಟ್ಟಿನ ವಾಸನೆ ಎಂದರೆ ನನಗೆ ಹೂಸ್ಟನ್. ಚಂಡಮಾರುತ ಬಂದ ವರ್ಷ ನಾನು ಅಲ್ಲಿ ಕಳೆದ ಬೇಸಿಗೆ.

ನಾನು ಹುಬ್ಬಳ್ಳಿಯವಳು. ಡ್ಯಾಲಸ್ಸಿನಲ್ಲಿ ಕಿರಾಣಿ ಸಾಮಾನು ಹಂಚುವ ಕಂಪನಿಯೊಂದರಲ್ಲಿ ಪ್ಲ್ಯಾನರ್ ಆಗಿ ಕೆಲಸ ಮಾಡುತ್ತೇನೆ. ಯಾವ ಅಂಗಡಿಗೆ ಎಷ್ಟು ಹಾಲು, ಎಷ್ಟು ಬ್ರೆಡ್ಡು, ಯಾವ ಟ್ರಕ್ ಯಾವ ದಾರಿಯಲ್ಲಿ ಎನ್ನುವುದನ್ನು ಹೊಂದಿಸುವುದು ನನ್ನ ದಿನನಿತ್ಯದ ಕೆಲಸ. ಆ ವರ್ಷ ನಮ್ಮ ಕಂಪನಿ, ಬಿರುಗಾಳಿಯ ಕಾಲ ಮುಗಿಯುವವರೆಗೆ, ಪರಿಹಾರ ಸಾಮಗ್ರಿ ಹಂಚುವ ಒಂದು ಒಕ್ಕೂಟಕ್ಕೆ ನನ್ನನ್ನು ಎರವಲು ಕೊಟ್ಟಿತು. ಜೂನ್ ಮೊದಲಲ್ಲಿ ಎರಡು ಸೂಟ್‌ಕೇಸ್ ಹಾಕಿಕೊಂಡು ಹೂಸ್ಟನ್ನಿಗೆ ಡ್ರೈವ್ ಮಾಡಿದೆ. ಗಂಡ ಮೋಹನ, ಅಲ್ಲೂ ಅಂಗಡಿಗೆ ಹಾಲು ಕಳಿಸಿದ ಹಾಗೆಯೇ ಅಲ್ಲವೇ ಎಂದಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಇಳಿದುಕೊಂಡದ್ದು ಹೂಸ್ಟನ್ನಿನ ಅಂಚಿನ ಶುಗರ್ ಲ್ಯಾಂಡಿನಲ್ಲಿ, ಡಾಕ್ಟರ್ ಶಾಂತಾ ಆಂಟಿಯ ಮನೆಯಲ್ಲಿ. ಮೈಸೂರಿನವರು. ಮೂತ್ರಪಿಂಡದ ವೈದ್ಯೆಯಾಗಿ ಇಡೀ ಜೀವಮಾನ ಹೂಸ್ಟನ್ನಿನಲ್ಲೇ ದುಡಿದು ನಿವೃತ್ತರಾಗಿದ್ದರು. ಅವರ ಗಂಡ ಮೂರ್ತಿ ಅಂಕಲ್ ಮಳೆನೀರು ಹರಿದುಹೋಗುವ ಕಾಲುವೆಗಳನ್ನು ಕಟ್ಟಿಸುತ್ತಿದ್ದ ಎಂಜಿನಿಯರ್. ವಿಧಿಯಾಟವೋ ಏನೋ, ಕಿಡ್ನಿ ಡಾಕ್ಟರ ಗಂಡನಿಗೇ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಮಲಗುವುದು ಬೇಡವೆಂದು ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುತ್ತಿದ್ದರು. ಹೊಟ್ಟೆಗೆ ಕೂರಿಸಿದ ಸಣ್ಣ ನಳಿಕೆಯಿಂದ ಚೀಲದ ದ್ರಾವಣ ಒಳಗೆ ಬಿಡುವುದು, ಕೆಲವು ಗಂಟೆ ಬಿಟ್ಟು ಹೊರಗೆ ತೆಗೆಯುವುದು, ಮತ್ತೆ ಹೊಸ ಚೀಲ. ದಿನಕ್ಕೆ ನಾಲ್ಕು ಬಾರಿ, ಹಬ್ಬ ಹುಣ್ಣಿಮೆ ಇಲ್ಲದೆ. ಆ ಚೀಲಗಳ ಪೆಟ್ಟಿಗೆಗಳು ತಿಂಗಳಿಗೊಮ್ಮೆ ಟ್ರಕ್ಕಿನಲ್ಲಿ ಬರುತ್ತಿದ್ದವು. ನಾನು ಮಲಗುತ್ತಿದ್ದ ಕೋಣೆಯ ಒಂದು ಗೋಡೆಗೆ ಅವನ್ನು ಒಟ್ಟಿರುತ್ತಿದ್ದರು. ಒಂದೊಂದು ಪೆಟ್ಟಿಗೆಯೂ ಸಿಮೆಂಟ್ ತುಂಬಿದಷ್ಟು ಭಾರ.

ಅಂಕಲ್‌ಗೆ ನನ್ನ ಮಾತಿನ ಧಾಟಿ ಕೇಳಿದರೆ ಖುಷಿ. ಸಂಜೆ ನಾನು ಮನೆಗೆ ಬಂದರೆ, ಚೀಲ ನೇತುಹಾಕಿಕೊಂಡು ಕೂತಲ್ಲಿಂದಲೇ "ಬರ್ರಿ ಬಾಯಾರ, ಚಾ ಆತೇನ್ರಿ" ಎಂದು ನನ್ನಂತೆ ಮಾತಾಡಲು ಹೋಗಿ ತಾವೇ ನಗುತ್ತಿದ್ದರು.

ಚಂಡಮಾರುತ ಬಂದದ್ದು ಜುಲೈನಲ್ಲಿ. ಅದು ಬೇರೆ ಕಡೆ ತಿರುಗುತ್ತದೆ ಎಂದೇ ಎಲ್ಲರೂ ನಂಬಿದ್ದರು. ಕೊನೆ ಗಳಿಗೆಯಲ್ಲಿ ಮನಸ್ಸು ಬದಲಿಸಿದಂತೆ ನೇರವಾಗಿ ನಮ್ಮ ಮೇಲೇ ಬಂತು. ಗಾಳಿಗಿಂತ ಅದು ಹೋದ ಮೇಲಿನ ದಿನಗಳು ಕೆಟ್ಟವು. ಓಕ್ ಮರಗಳು ತಂತಿಗಳ ಮೇಲೆ ಬಿದ್ದು ಊರಿಗೆ ಊರೇ ಕರೆಂಟಿಲ್ಲದೆ ಕೂತಿತು. ಆಕಾಶ ತೊಳೆದಿಟ್ಟ ಹಾಗೆ ಸ್ವಚ್ಛವಾಗಿ, ಬಿಸಿಲು ನೆತ್ತಿ ಸುಡುತ್ತಿತ್ತು. ಎಸಿ ಇಲ್ಲದ ಹೂಸ್ಟನ್ ಮನೆ ಎಂದರೆ ಮುಚ್ಚಳ ಹಾಕಿದ ಇಡ್ಲಿ ಪಾತ್ರೆ. ಜನ ಕಾರಿನಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡು ಮಕ್ಕಳನ್ನು ಮಲಗಿಸುತ್ತಿದ್ದರು. ಪೆಟ್ರೋಲ್ ಬಂಕುಗಳ ಮುಂದೆ ಸಾಲು ರಸ್ತೆ ದಾಟಿ ನಿಂತಿರುತ್ತಿತ್ತು.

ನಮ್ಮ ಗೋದಾಮು ಊರಿನ ವಾಯವ್ಯಕ್ಕಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳು ರೋಸಾ ಎಂಬಾಕೆ. ಆಕೆಯ ಮನೆಯದೇ ಅರ್ಧ ಚಾವಣಿ ಹಾರಿಹೋಗಿತ್ತು. ಅದಕ್ಕೊಂದು ನೀಲಿ ಟಾರ್ಪಾಲು ಹೊದಿಸಿ ಕೆಲಸಕ್ಕೆ ಬಂದಿದ್ದಳು. ಬಿರುಗಾಳಿಗೆ ಮುಂಚೆ ನಾನು ಹಾಕಿಟ್ಟ ಲೆಕ್ಕಾಚಾರದಲ್ಲಿ ನೀರು, ಐಸು, ಟಾರ್ಪಾಲು, ಮಕ್ಕಳ ಹಾಲಿನ ಪುಡಿ ಎಲ್ಲವೂ ಇದ್ದವು. ಇರದಿದ್ದದ್ದು ಜನರ ಔದಾರ್ಯದ ಲೆಕ್ಕ. ಎಲ್ಲಿಂದಲೋ ವ್ಯಾನುಗಳು ಬಂದು ಬಟ್ಟೆಯ ಪೆಟ್ಟಿಗೆಗಳನ್ನು ಇಳಿಸಿ, ಫೋಟೋ ತೆಗೆದುಕೊಂಡು ಹೋಗುತ್ತಿದ್ದವು. ಚಳಿಗಾಲದ ಕೋಟು, ಮದುವೆಯ ಗೌನು, ಎತ್ತರ ಹಿಮ್ಮಡಿಯ ಚಪ್ಪಲಿ. ಒಳಗೆ ಜಾಗವಿಲ್ಲದೆ ಹೊರಗೆ ಒಟ್ಟಿದ ಪೆಟ್ಟಿಗೆಗಳು ಸಂಜೆಯ ಮಳೆಗೆ ನೆನೆದು, ಬೆಳಗ್ಗೆ ಬಿಸಿಲಿಗೆ ಬೆಂದು ನಾರುತ್ತಿದ್ದವು. ಅವನ್ನು ಪಕ್ಕಕ್ಕೆ ಸರಿಸಿದ ಮೇಲೇ ನೀರಿನ ಟ್ರಕ್ ಬಾಗಿಲಿಗೆ ಬರಬೇಕಿತ್ತು. ಇನ್ನು ಬಟ್ಟೆ ಎಂದು ಯಾರೇ ಕರೆ ಮಾಡಿದರೂ ಬೇಡವೆನ್ನು, ನನ್ನ ತಾಯಿಯೇ ಮಾಡಿದರೂ ಸರಿ ಎಂದು ರೋಸಾ ನನಗೆ ಹೇಳಿಬಿಟ್ಟಳು.

ಅಂಗಡಿಗೆ ಮಾಲು ಕಳಿಸುವಾಗ ಬೇಕಾದವನು ಕೇಳುತ್ತಾನೆ, ನಾವು ಕಳಿಸುತ್ತೇವೆ. ಇಲ್ಲಿ ಫೋನ್ ಇದ್ದವರು ಕೇಳುತ್ತಿದ್ದರು, ಕೇಳಿದ ಕಡೆಗೆ ಟ್ರಕ್ ಹೋಗುತ್ತಿತ್ತು. ಫೋನಿನ ಚಾರ್ಜು ಮುಗಿದು ಮೂರನೇ ಮಹಡಿಯಲ್ಲಿ ಕೂತವರು ನಮ್ಮ ಪಾಲಿಗೆ ಇರಲೇ ಇಲ್ಲ. ಇದನ್ನು ನಾನಾಗಿಯೇ ಕಂಡುಕೊಂಡೆ ಎಂದು ಹೇಳಿಕೊಳ್ಳಲಾರೆ. ಒಂದು ಬೆಳಗ್ಗೆ ಶಾಂತಾ ಆಂಟಿ ತಮ್ಮ ಕಾರಿನಲ್ಲಿ, ಬಿದ್ದ ಮರಗಳನ್ನು ಸುತ್ತು ಹಾಕಿಕೊಂಡು, ಗೋದಾಮಿಗೇ ಬಂದರು. ಬೆವರಿಗೆ ಕುಂಕುಮ ಮೂಗಿನವರೆಗೆ ಇಳಿದಿತ್ತು. ನೀರಿನ ಬಾಟಲಿ ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡರೇ ಹೊರತು ಕುಡಿಯಲಿಲ್ಲ.

"ವಿಜಯಾ, ಮನೇಲಿ ಡಯಾಲಿಸಿಸ್ ಮಾಡ್ಕೊಳ್ಳೋರಿಗೆ ಯಾರು ಚೀಲ ಕಳಿಸ್ತಿದ್ದೀರಾ?" ಎಂದು ಕೇಳಿದರು.

ಯಾರೂ ಕಳಿಸುತ್ತಿರಲಿಲ್ಲ. ಅದು ಔಷಧ ಕಂಪನಿಯ ಕೆಲಸ ಎಂದು ನಾವೆಲ್ಲ ತಿಳಿದಿದ್ದೆವು. ಆಂಟಿ ವಿವರಿಸಿದರು. ಆ ಕಂಪನಿಯ ಇಲ್ಲಿನ ಉಗ್ರಾಣದಲ್ಲಿ ಕರೆಂಟಿಲ್ಲ, ಅದರ ಮುಂದಿನ ರಸ್ತೆಯಲ್ಲಿ ಇನ್ನೂ ನೀರಿದೆ, ಮಾಲು ಸಾಗಿಸುವ ಬಾಡಿಗೆ ಟ್ರಕ್ಕುಗಳು ಊರೊಳಗೆ ಬರಲು ಒಪ್ಪುತ್ತಿಲ್ಲ. ಆಸ್ಪತ್ರೆಗಳು ತುಂಬಿಹೋಗಿವೆ. ತಮ್ಮ ಹಳೆಯ ಕ್ಲಿನಿಕ್ಕಿನ ನರ್ಸುಗಳೊಂದಿಗೆ ಕೂತು ಎಲ್ಲ ಮನೆಗಳಿಗೂ ಫೋನ್ ಮಾಡಿಸಿದ್ದರು. ಕೆಲವರ ಮನೆಯಲ್ಲಿ ನಾಳೆಗೆ ಚೀಲವಿಲ್ಲ. ನಾಲ್ಕರ ಬದಲು ಮೂರು, ಆಗದಿದ್ದರೆ ಎರಡು ಚೀಲದಲ್ಲಿ ದಿನ ತಳ್ಳಿ, ಉಪ್ಪು ಬಿಡಿ, ನೀರು ಕಡಿಮೆ ಕುಡಿಯಿರಿ, ಬಾಳೆಹಣ್ಣು ಮುಟ್ಟಬೇಡಿ ಎಂದು ಹೇಳಿಯಾಗಿತ್ತು. ಈ ಸೆಖೆಯಲ್ಲಿ ನೀರು ಕುಡಿಯಬೇಡಿ ಎಂದು ಹೇಳುವುದು ಎಂಥ ಕಷ್ಟ ಎಂದು ಅವರ ಮುಖವೇ ಹೇಳುತ್ತಿತ್ತು. ಡ್ಯಾಲಸ್ಸಿನ ಉಗ್ರಾಣದಲ್ಲಿ ಪೆಟ್ಟಿಗೆಗಳು ಬೇಕಾದಷ್ಟಿದ್ದವು. ಅವುಗಳನ್ನು ನಮಗೆ ಕೊಡಲು ಕಂಪನಿಯವರು ಒಪ್ಪಿದ್ದರು. ತರುವವರು ಬೇಕಾಗಿತ್ತು.

ನನ್ನ ಕೈಯಲ್ಲಿದ್ದ ಟ್ರಕ್ಕುಗಳೆಲ್ಲ ನೀರು ಮತ್ತು ಐಸು ಹೊತ್ತು ಓಡುತ್ತಿದ್ದವು. ಆ ಹೊತ್ತಿಗೆ ಡ್ಯಾಲಸ್ಸಿನಿಂದ ಹೂಸ್ಟನ್ನಿಗೆ ಹೊರಡಲು ಸಿದ್ಧವಾಗಿ ನಿಂತಿದ್ದ, ನನಗೆ ಗೊತ್ತಿದ್ದ ಟ್ರಕ್ ಒಂದೇ. ಅದು ಬಸವರಾಜಣ್ಣನದು.

ಬಸವರಾಜಣ್ಣ ಇಳಕಲ್ಲಿನವರು. ಡ್ಯಾಲಸ್ಸಿನ ಹೊರವಲಯದಲ್ಲಿ ಗ್ರಾನೈಟ್ ವ್ಯಾಪಾರ. ಅಡುಗೆಮನೆಯ ಕಟ್ಟೆಗಳನ್ನು ಕತ್ತರಿಸಿ ಮನೆಮನೆಗೆ ಸಾಗಿಸಲು ಹಿಂದೆ ಲಿಫ್ಟ್ ಇರುವ ಮುಚ್ಚಿದ ಟ್ರಕ್ ಇಟ್ಟಿದ್ದರು. ದಪ್ಪ ಮೀಸೆ, ದೊಡ್ಡ ದನಿ, ಯಾರ ಮನೆಯ ಕಾರ್ಯವಾದರೂ ಮುಂದೆ ನಿಲ್ಲುವ ಮನುಷ್ಯ. ಬಿರುಗಾಳಿಯ ಸುದ್ದಿ ಬಂದ ದಿನದಿಂದ ನಮ್ಮ ಕನ್ನಡದ ಮನೆಗಳನ್ನೆಲ್ಲ ಎಬ್ಬಿಸಿ ಬಟ್ಟೆ, ಹೊದಿಕೆ, ಪಾತ್ರೆ ಕೂಡಿಸಿದ್ದರು. ಆಸ್ಟಿನ್ ಬಳಿಯ ಲಿಯಾಂಡರ್, ಟೇಲರ್ ಊರುಗಳ ಗೆಳೆಯರು ವ್ಯಾನು ತುಂಬಿಸಿ ಕಳಿಸಿದ್ದರು. ನಮ್ಮ ಓಣಿಯ ಹಿರಿಯ ಹೆಂಗಸರು ಹಳೆಯ ಸೀರೆಗಳಿಂದ ಕೌದಿ ಹೊಲಿದುಕೊಟ್ಟಿದ್ದರು. ಮಕ್ಕಳು ಬಣ್ಣದಲ್ಲಿ ಬ್ಯಾನರ್ ಬರೆದಿದ್ದರು. ಮರುದಿನ ಬೆಳಗ್ಗೆ ಟ್ರಕ್ಕಿಗೆ ಪೂಜೆ ಮಾಡಿ ಕಾಯಿ ಒಡೆಯುವುದಿತ್ತು.

ಫೋನ್ ಮಾಡಿ, ಟ್ರಕ್ ಖಾಲಿ ಮಾಡಬೇಕು ಎಂದು ಹೇಳಿದೆ.

"ನೋಡ್ ತಂಗಿ," ಎಂದರು ಬಸವರಾಜಣ್ಣ, ದನಿ ಸಣ್ಣ ಮಾಡಿ. "ಮುದುಕ್ಯಾರು ಕಣ್ಣು ಕಾಣ್ದ ಕೌದಿ ಹೊಲದಾರ. ಅವ್ರಿಗೆ ನಾ ಏನಂತ ಹೇಳ್ಲಿ? ನಿಮ್ಮ ಕೌದಿ ಬ್ಯಾಡಂತ ಹೇಳ್ಲೇನು?"

"ಇಲ್ಲಿ ಕೌದಿ ಹೊಚ್ಚಿಕೊಳ್ಳೋವಂಥ ಹವಾ ಇಲ್ರೀ ಅಣ್ಣಾರ. ಮಂದಿ ಸೆಖೀಗೆ ಒದ್ದಾಡಾಕತ್ತಾರ," ಎಂದೆ. ಚೀಲಗಳ ವಿಷಯ ಹೇಳಿದೆ. ಮೂತ್ರಪಿಂಡ ಕೆಲಸ ಮಾಡದವರಿಗೆ ಆ ಚೀಲ ತಪ್ಪಿದರೆ ಮೈಯೆಲ್ಲ ನೀರು ತುಂಬಿ ಉಸಿರು ಕಟ್ಟುತ್ತದೆ ಎಂದು ಆಂಟಿ ಹೇಳಿದ್ದನ್ನು ಹಾಗೇ ಹೇಳಿದೆ.

ಅವರಿಗೆ ನೋವಾಗಿತ್ತು, ಅದನ್ನು ಮುಚ್ಚಿಡಲಿಲ್ಲ. ಇಷ್ಟು ಜನರ ಪ್ರೀತಿ ನಿನ್ನ ಕಣ್ಣಿಗೆ ಬರೀ ಅಡ್ಡ ಬಂದ ಸಾಮಾನಾಯಿತೇ ಎಂದು ಕೇಳಿದರು. ಆಮೇಲೆ ಫೋನ್ ಇಟ್ಟರು. ಬರುತ್ತಾರೋ ಇಲ್ಲವೋ ತಿಳಿಯದೆ ನಾನು ಆ ಮಧ್ಯಾಹ್ನವಿಡೀ ಬೇರೆ ಟ್ರಕ್ಕಿಗಾಗಿ ಕಂಡಕಂಡವರನ್ನು ಕೇಳಿದೆ. ಇಳಿಹೊತ್ತಿಗೆ ಬಸವರಾಜಣ್ಣನ ಮಗಳಿಂದ ಒಂದು ಮೆಸೇಜು ಬಂತು. ಇಂಗ್ಲಿಷಿನಲ್ಲಿ, ಒಂದೇ ಸಾಲು: ಅಪ್ಪ ಟ್ರಕ್ ಖಾಲಿ ಮಾಡುತ್ತಿದ್ದಾರೆ, ಯಾರ ಜೊತೆಯೂ ಮಾತಾಡುತ್ತಿಲ್ಲ.

ಅಂದು ಸಂಜೆ ಆಂಟಿಯ ಮನೆಯ ಹಿಂದಿನ ಜಗಲಿಯಲ್ಲಿ ಕೂತು ನಾವಿಬ್ಬರೂ ದಾರಿ ಹೊಂದಿಸಿದೆವು. ನಾನು ಒಂದು ನಿಯಮ ಹಾಕಿದೆ. ಯಾರ ಮನೆಯಲ್ಲಿ ಚೀಲ ಮೊದಲು ಮುಗಿಯುತ್ತದೋ ಅವರ ಮನೆಗೆ ಮೊದಲು. ದೂರ ಹತ್ತಿರ, ಪರಿಚಯ ಅಪರಿಚಯ ನೋಡುವಂತಿಲ್ಲ. ಆಂಟಿ ತಲೆಯಾಡಿಸಿದರು. ಹೊಂದಿಸುತ್ತಾ ಹೋದಂತೆ, ಆ ನಿಯಮದಲ್ಲಿ ಈ ಮನೆ ಎಲ್ಲಿ ಬರುತ್ತದೆ ಎನ್ನುವುದು ಇಬ್ಬರಿಗೂ ಕಂಡಿತು. ಅಂಕಲ್‌ಗೆ ದಿನಕ್ಕೆ ಎರಡೇ ಚೀಲ ಬಳಸುತ್ತಿದ್ದುದರಿಂದ ಇನ್ನೂ ಒಂದು ಪೆಟ್ಟಿಗೆ ಉಳಿದಿತ್ತು. ಬೇರೆಯವರಿಗೆ ಅದೂ ಇರಲಿಲ್ಲ. ನಾವು ಕೂತಿದ್ದ ಮನೆ ಎಲ್ಲಕ್ಕಿಂತ ಕೊನೆಗೆ ಬಂತು. ಟ್ರಕ್ ಡ್ಯಾಲಸ್ಸಿನಿಂದ ಬರುವ ದೊಡ್ಡ ರಸ್ತೆಯಿಂದ ಇಳಿದು ಮೊದಲು ಹಾಯುವುದು ಈ ಕಡೆಗಲ್ಲ ಎಂಬುದೊಂದೇ ನನಗೆ ಸಮಾಧಾನ. ಆದರೂ ಎರಡು ಪೆಟ್ಟಿಗೆ ಮೊದಲೇ ಇಲ್ಲಿಗೆ ತರಿಸಲೇ ಎಂದು ಕೇಳಿದೆ. ಆಂಟಿ ಮಾತಾಡುವ ಮುಂಚೆ ಅಂಕಲ್ ಒಳಗಿನಿಂದಲೇ, ನಿಯಮ ಮಾಡಿದ ದಿನವೇ ಅದಕ್ಕೆ ತೂತು ಕೊರೆಯಬಾರದು ಎಂದರು. ಅವರು ಹೇಳಿದ್ದು ನಗುತ್ತಲೇ. ಆದರೆ ಆಗಲೇ ಅವರ ಪಾದ ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ.

ಬಸವರಾಜಣ್ಣ ಮರುದಿನ ಬೆಳಗ್ಗೆ ಗೋದಾಮಿಗೆ ಬಂದರು. ಡ್ಯಾಲಸ್ಸಿನ ಉಗ್ರಾಣದಿಂದ ಪೆಟ್ಟಿಗೆಗಳನ್ನು ತುಂಬಿಸಿಕೊಂಡು ತಾವೇ ಓಡಿಸಿಕೊಂಡು ಬಂದಿದ್ದರು. ಕಾಯಿ ಒಡೆದಿರಲಿಲ್ಲ, ಬ್ಯಾನರ್ ಇರಲಿಲ್ಲ. ನನ್ನ ಮುಖ ನೋಡದೆ, ಎಲ್ಲಿಗೆ ಹೋಗಬೇಕು ಹೇಳು ಎಂದಷ್ಟೇ ಕೇಳಿದರು. ನಾನು ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳಿದೆ. ನರ್ಸುಗಳು ಮುಂದಿನ ಮನೆಗಳಿಗೆ ಫೋನ್ ಮಾಡುತ್ತಿದ್ದರು.

ಆ ದಿನದ ಮನೆಗಳೆಲ್ಲ ನನ್ನ ನೆನಪಿನಲ್ಲಿ ಒಂದರೊಳಗೊಂದು ಬೆರೆತುಹೋಗಿವೆ. ಬೇರೆಯಾಗಿ ಉಳಿದದ್ದು ಊರಿನ ನೈಋತ್ಯದ ಒಂದು ಅಪಾರ್ಟ್‌ಮೆಂಟು. ಅಲ್ಲಿದ್ದವರು ಟ್ರಾನ್ ಎಂಬ ಮುದುಕರು. ಮೂಲ ವಿಯೆಟ್ನಾಮಿನವರು, ಒಬ್ಬರೇ ಇದ್ದರು. ಫೋನಿಗೆ ಸಿಕ್ಕಿರಲಿಲ್ಲ. ಅವರು ಬದುಕಿದ್ದಾರೋ ಇಲ್ಲವೋ ಎನ್ನುವುದೇ ನಮಗೆ ಗೊತ್ತಿರಲಿಲ್ಲ. ಲಿಫ್ಟ್ ನಿಂತಿತ್ತು. ಮೂರನೇ ಮಹಡಿ. ಬಸವರಾಜಣ್ಣ ಒಂದು ಪೆಟ್ಟಿಗೆ ಹೆಗಲಿಗೇರಿಸಿ ಹತ್ತಿದರು, ನಾನು ಹಿಂದೆ.

ಬಾಗಿಲು ತಟ್ಟಿದರೆ ಬಹಳ ಹೊತ್ತು ಯಾರೂ ತೆಗೆಯಲಿಲ್ಲ. ಆಮೇಲೆ ಚಿಲಕ ಸರಿಯಿತು. ಬನಿಯನ್ ಹಾಕಿಕೊಂಡ ಸಣ್ಣ ದೇಹದ ಮನುಷ್ಯ. ಮುಖ ಬಾತು ಕಣ್ಣು ಮುಚ್ಚಿಹೋಗುವಂತಾಗಿತ್ತು. ಪೆಟ್ಟಿಗೆಯ ಮೇಲಿನ ಗುರುತು ಕಂಡ ಕೂಡಲೇ ಎರಡು ಕೈ ಚಾಚಿ ಅದನ್ನು ಮುಟ್ಟಿದರು. ಒಳಗೆ ಗೋಡೆಯ ಮೊಳೆಯೊಂದರಲ್ಲಿ ಖಾಲಿ ಚೀಲ ಹಾಗೇ ನೇತಾಡುತ್ತಿತ್ತು. ಅವರ ಭಾಷೆ ನಮಗೆ ಬರದು, ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರು ಕೈ ತೊಳೆದು, ಮುಖಕ್ಕೆ ಮಾಸ್ಕ್ ಕಟ್ಟಿ, ನಮಗೂ ಕಟ್ಟಿಕೊಳ್ಳಲು ಕೊಟ್ಟು, ಚೀಲ ಜೋಡಿಸಿದರು. ಮೊಳೆ ಎತ್ತರದಲ್ಲಿತ್ತು. ತುಂಬಿದ ಚೀಲವನ್ನು ಎತ್ತಿ ಸಿಕ್ಕಿಸಲು ಅವರಿಗೆ ಆಗಲಿಲ್ಲ. ಬಸವರಾಜಣ್ಣ ಅದನ್ನು ಎತ್ತಿ ಸಿಕ್ಕಿಸಿದರು. ಮೊಳೆ ಅಲ್ಲಾಡುತ್ತಿದೆ ಎಂದು ಅನುಮಾನ ಬಂದಿರಬೇಕು, ಚೀಲದ ತಳಕ್ಕೆ ಅಂಗೈ ಕೊಟ್ಟು ಹಾಗೇ ನಿಂತರು. ದ್ರಾವಣ ಪೂರ್ತಿ ಇಳಿಯುವವರೆಗೂ ನಿಂತಿದ್ದರು. ಗ್ರಾನೈಟ್ ಎತ್ತಿ ಎತ್ತಿ ಒರಟಾದ ಆ ಕೈಯನ್ನು ಟ್ರಾನ್ ಅವರು ದಿಟ್ಟಿಸಿ ನೋಡುತ್ತಿದ್ದರು. ಹೊರಡುವಾಗ ಅವರು ಬೆಚ್ಚಗಾಗಿಹೋದ ಸೋಡಾ ಡಬ್ಬಿಯೊಂದನ್ನು ತಂದು ಬಸವರಾಜಣ್ಣನ ಕೈಗಿಟ್ಟರು. ನೀರು ಅಳೆದು ಕುಡಿಯಬೇಕಾದವರ ಮನೆಯ ಸೋಡಾ. ಅಣ್ಣ ಬೇಡವೆನ್ನದೆ, ನಿಂತಲ್ಲೇ ಪೂರ್ತಿ ಕುಡಿದರು.

ಉಳಿದ ಪೆಟ್ಟಿಗೆಗಳನ್ನೂ ಅವರೇ ಹೊತ್ತು ತಂದಿಟ್ಟರು. ಆಮೇಲೆ ಟ್ರಕ್ ಹತ್ತಿ ಸ್ಟೀರಿಂಗ್ ಹಿಡಿದರು.

"ಕೌದಿ ಇಳಿಸಿದ್ದು ಚಲೋ ಆತು ತಂಗಿ," ಎಂದರು. "ಆದ್ರ ನಿನ್ನಿ ನನಗ ಭಾಳ ಸಿಟ್ಟು ಬಂದಿತ್ತು ನೋಡು."

ಎಲ್ಲ ಮನೆಗಳನ್ನು ಮುಗಿಸಿ ಶುಗರ್ ಲ್ಯಾಂಡಿಗೆ ಬಂದಾಗ ಸೂರ್ಯ ಇಳಿಯುತ್ತಿದ್ದ. ಆಂಟಿಯ ಮನೆಯ ಬಾಗಿಲು ಹಾಕಿತ್ತು. ಕಾರು ಇರಲಿಲ್ಲ. ಕರೆ ಮಾಡಿದರೆ ಯಾರೂ ಎತ್ತಲಿಲ್ಲ. ಪಕ್ಕದ ಮನೆಯಾಕೆ ಬೇಲಿಯ ಬಳಿ ಬಂದು, ಡಾಕ್ಟರು ಬೆಳಗ್ಗೆಯೇ ಗಂಡನನ್ನು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದರು, ಅವರಿಗೆ ಉಸಿರು ತೆಗೆದುಕೊಳ್ಳಲು ಆಗುತ್ತಿರಲಿಲ್ಲ ಎಂದಳು. ಬೆಳಗ್ಗೆ ಎಂದರೆ ನಾವು ಮೊದಲ ಮನೆಯಲ್ಲಿದ್ದ ಹೊತ್ತು. ಟ್ರಕ್ಕಿನಲ್ಲಿ ಆಗ ತುದಿಯವರೆಗೆ ಪೆಟ್ಟಿಗೆಗಳಿದ್ದವು.

ಆಸ್ಪತ್ರೆಯ ಕಾರಿಡಾರಿನಲ್ಲಿ ಎಲ್ಲೆಲ್ಲೂ ಮಂಚಗಳು. ಆಂಟಿ ಗೋಡೆಗೊರಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಒಳಗೆ ಅಂಕಲ್‌ಗೆ ಯಂತ್ರದಲ್ಲಿ ಡಯಾಲಿಸಿಸ್ ನಡೆದಿತ್ತು. ಮಧ್ಯಾಹ್ನದವರೆಗೂ ಯಂತ್ರ ಖಾಲಿ ಇರಲಿಲ್ಲವಂತೆ. ಈಗ ಉಸಿರು ಪರವಾಗಿಲ್ಲ ಎಂದರು. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

"ಯಾಕ್ರಿ ಆಂಟಿ, ನನಗೊಂದು ಫೋನ್ ಮಾಡಬಾರದಿತ್ತೇನ್ರಿ?"

"ಮಾಡಿದ್ರೆ ನೀನು ಟ್ರಕ್ ತಿರುಗಿಸ್ತಿದ್ದೆ," ಎಂದರು ಆಂಟಿ. "ತಿರುಗಿಸ್ತಿರ್ಲಿಲ್ವಾ?"

ನಾನು ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ.

"ನಾನೇನೋ ದೊಡ್ಡ ಮನಸ್ಸು ಮಾಡ್ದೆ ಅಂದ್ಕೋಬೇಡ ಕಣಮ್ಮ. ನಂಬರ್ ಒತ್ತೋಕೆ ಹೋದೆ. ಇವರು ನನ್ನ ಕೈಯಿಂದ ಫೋನ್ ಕಿತ್ಕೊಂಡು ಅದರ ಮೇಲೇ ಕೂತ್ಕೊಂಡ್ಬಿಟ್ರು. ಉಸಿರಿಲ್ಲ, ಮಾತಿಲ್ಲ, ಏಳು ಅಂದ್ರೆ ಏಳಲ್ಲ. ನಲವತ್ತು ವರ್ಷ ಸಂಸಾರ ಮಾಡಿದೀನಿ, ಇಂಥ ಹಟ ನೋಡಿರ್ಲಿಲ್ಲ." ಹೇಳುತ್ತಾ ಅವರಿಗೆ ನಗು ಬಂತು, ನಗುತ್ತಲೇ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಆ ಫೋನನ್ನು ಗಡಿಬಿಡಿಯಲ್ಲಿ ಮನೆಯ ಕುರ್ಚಿಯ ಮೇಲೇ ಬಿಟ್ಟುಬಂದಿದ್ದರು.

ಬಸವರಾಜಣ್ಣ ದೂರದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಬಂದು ಆಂಟಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಆಂಟಿಗೆ ಇವರು ಯಾರೆಂದೇ ಗೊತ್ತಿರಲಿಲ್ಲ.

ಅಂಕಲ್ ಚೇತರಿಸಿಕೊಂಡು ಮನೆಗೆ ಬಂದರು. ಆದರೆ ನಾವು ತಲುಪಿದ ಎಲ್ಲರೂ ಉಳಿದರು ಎಂದು ಬರೆಯಲಾರೆ. ಒಬ್ಬ ಹೆಂಗಸು ನಾವು ಚೀಲ ಕೊಟ್ಟ ಮೇಲೂ ಆಸ್ಪತ್ರೆ ಸೇರಿ ತೀರಿಕೊಂಡರು. ಇನ್ನೂ ಮುಂಚೆ ತಲುಪಿದ್ದರೆ ಏನಾಗುತ್ತಿತ್ತೋ ಎಂದು ಕೇಳಿದೆ. ಆಂಟಿ, ಹೇಳಲು ಬರುವುದಿಲ್ಲ ಎಂದಷ್ಟೇ ಅಂದರು. ಸಮಾಧಾನಕ್ಕೆಂದು ಸುಳ್ಳು ಹೇಳುವವರಲ್ಲ ಅವರು. ಆಕೆಯ ಮನೆಯ ಬಾಗಿಲಲ್ಲಿದ್ದ ತುಳಸಿಯಂಥ ಗಿಡ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಬಿರುಗಾಳಿಯ ಕಾಲ ಮುಗಿದ ಮೇಲೆ ಒಕ್ಕೂಟದ ಸಭೆ ನಡೆಯಿತು. ಮನೆಯಲ್ಲಿ ಡಯಾಲಿಸಿಸ್ ಮಾಡಿಕೊಳ್ಳುವ ಪ್ರತಿಯೊಬ್ಬರಿಗೂ ಬಿರುಗಾಳಿಯ ಕಾಲ ಶುರುವಾಗುವ ಮುಂಚೆ, ಮೇ ತಿಂಗಳಲ್ಲೇ ಹೆಚ್ಚುವರಿ ಪೆಟ್ಟಿಗೆಗಳು ಹೋಗಬೇಕು ಎಂದು ನಾನೂ ಆಂಟಿಯೂ ಹೇಳಿದೆವು. ಸಣ್ಣ ಮನೆಗಳಲ್ಲಿ ಜಾಗವೆಲ್ಲಿ, ಬಿರುಗಾಳಿ ಬಾರದಿದ್ದರೆ ಏನು ಮಾಡುವುದು ಎಂದು ಪ್ರಶ್ನೆಗಳು ಬಂದವು. ಮೂರ್ತಿ ಅಂಕಲ್ ಕೋಲೂರಿಕೊಂಡು ಬಂದಿದ್ದರು. ಪೆಟ್ಟಿಗೆಗಳನ್ನು ಗರಾಜಿನಲ್ಲಿ ಇಡಬೇಡಿ, ಮಂಚದ ಕೆಳಗೂ ಬೇಡ, ನೀರು ಮೊದಲು ಬರುವುದು ಅಲ್ಲಿಗೇ ಎಂದು ತಮ್ಮ ಕಾಲುವೆಯ ಅನುಭವದಿಂದ ಹೇಳಿದರು. ಮಾತು ಮುಂದುವರಿದು, ಹೇಗೋ ಒಪ್ಪಿಗೆಯಾಯಿತು. ನಾನು ಡ್ಯಾಲಸ್ಸಿಗೆ ವಾಪಸು ಬಂದೆ. ಬಸವರಾಜಣ್ಣ ಕೌದಿಗಳನ್ನು ಮನೆಯಿಲ್ಲದವರ ವಸತಿಗೆ ಕೊಟ್ಟು, ಹೊಲಿದ ಹಿರಿಯರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿದರು. ಅದು ನನಗೆ ಹೊಳೆದಿರಲಿಲ್ಲ.

ಮರುವರ್ಷ ಆಗಸ್ಟ್‌ನಲ್ಲಿ ಮತ್ತೊಂದು ಬಿರುಗಾಳಿ ಹೂಸ್ಟನ್ನಿನ ಕಡೆ ಮುಖ ಮಾಡಿತು. ನಾನು ಡ್ಯಾಲಸ್ಸಿನಿಂದಲೇ, ನರ್ಸುಗಳ ಜೊತೆ ಪಟ್ಟಿ ಹಂಚಿಕೊಂಡು, ಮನೆಗಳಿಗೆ ಫೋನ್ ಮಾಡಿದೆ. ಎಲ್ಲರ ಬಳಿಯೂ ಪೆಟ್ಟಿಗೆಗಳಿದ್ದವು. ಗಾಳಿ ಕೊನೆಗೆ ಲೂಸಿಯಾನಾದತ್ತ ತಿರುಗಿತು. ಟ್ರಾನ್ ಅವರ ಪರವಾಗಿ ಪಕ್ಕದ ಮನೆಯ ಹುಡುಗಿ ಮಾತಾಡಿದಳು. ಚೀಲ ಸಾಕಷ್ಟಿದೆ, ಏನೂ ಬೇಡ ಎಂದಳು. ಆಮೇಲೆ ಹಿಂದೆ ಯಾರೋ ಏನೋ ಹೇಳಿದ್ದು ಕೇಳಿಸಿತು. ಅವಳು ನಕ್ಕು, ಮೀಸೆಯವರು ಈ ಸಲ ಬರುವುದಿಲ್ಲವೇ ಎಂದು ಇವರು ಕೇಳುತ್ತಿದ್ದಾರೆ ಎಂದಳು.

ಬಸವರಾಜಣ್ಣನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಹೌದೇನು ಎಂದಷ್ಟೇ ಹೇಳಿ ಫೋನ್ ಇಟ್ಟರು. ಶನಿವಾರ ಬೆಳಗ್ಗೆ ಅವರೇ ಕರೆ ಮಾಡಿದರು. ಹಿಂದೆ ಟ್ರಕ್ಕಿನ ಎಂಜಿನ್ ಸದ್ದು. ಹೂಸ್ಟನ್ನಿಗೆ ಹೊರಟಿದ್ದೇನೆ ಎಂದರು. ಏನು ತುಂಬಿಸಿದ್ದೀರಿ ಎಂದು ಕೇಳಿದೆ. ಏನೂ ಇಲ್ಲ ಎಂದರು. ಹಾಗಾದರೆ ಕಾರಿನಲ್ಲಿ ಹೋಗಬಾರದೇ ಎಂದೆ.

"ಟ್ರಕ್ ತಗೊಂಡ್ ಹೋದ್ರ ಮ್ಯಾಲಿನ ಕಿಟಕ್ಯಾಗಿಂದ ಗುರ್ತ ಹಿಡೀತಾರ," ಎಂದರು ಬಸವರಾಜಣ್ಣ.

ಅಷ್ಟು ದೂರ ಒಂದು ಟ್ರಕ್ ಖಾಲಿ ಓಡುತ್ತದೆ ಎಂದರೆ ನನ್ನ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಬೇರೆ ಯಾರೇ ಆಗಿದ್ದರೂ ತಡೆಯುತ್ತಿದ್ದೆ.

"ಹೋಗಿ ಬರ್ರಿ ಅಣ್ಣಾರ," ಎಂದೆ.